ಒಂದರಿಂದ ಹತ್ತರವರೆಗೆ

ಅರಸೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಒಂದು ಪುಟ್ಟ ಪುಸ್ತಕದ ಅಂಗಡಿ ಇತ್ತು. ಅಪ್ಪ ರೈಲ್ವೆಯಲ್ಲಿದ್ದರು. ಡ್ಯೂಟಿ ಮುಗಿಸಿ ಬರುವಾಗ ಅಪರೂಪಕ್ಕೊಮ್ಮೆ ಅಲ್ಲಿಂದ ಏನಾದರೂ ತರುತ್ತಿದ್ದರು. ನನಗೆ ಆರೋ ಏಳೋ ವರ್ಷ ಇದ್ದಾಗ ಒಂದು ಅಮರ ಚಿತ್ರ ಕಥೆ ತಂದರು. ಇಂಗ್ಲಿಷಿನದ್ದು. ಕನ್ನಡದ್ದು ಖಾಲಿಯಾಗಿತ್ತಂತೆ. ನನಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಚಿತ್ರ ನೋಡಿದೆ, ಮತ್ತೆ ಮತ್ತೆ ನೋಡಿದೆ, ಆಮೇಲೆ ಹಿಂದಕ್ಕೆ ತಿರುಗಿಸಿದೆ. ಅಲ್ಲೊಂದು ಉದ್ದನೆಯ ಪಟ್ಟಿ, ಅದುವರೆಗೆ ಬಂದ ಪುಸ್ತಕಗಳದ್ದು. ಹೆಸರು ಓದಲು ಬರದಿದ್ದರೇನು, ಅಂಕಿ ಓದಲು ಬರುತ್ತಿತ್ತು. ಪಟ್ಟಿ ಶುರುವಾಗಿದ್ದು 11ರಿಂದ.

"ಅಪ್ಪಾ, ಒಂದರಿಂದ ಹತ್ತು ಎಲ್ಲಿ ಹೋಯ್ತು?" ಅಂತ ಕೇಳಿದೆ.

"ಮುಗಿದು ಹೋಗಿರಬೇಕು ಕಣೋ. ಜನ ತಗೊಂಡಿರ್ತಾರೆ" ಅಂದರು ಅಪ್ಪ.

ಆ ಉತ್ತರ ನನಗೆ ಎಷ್ಟೋ ವರ್ಷ ಸಾಕಾಗಿತ್ತು. ಈಗ ಮನೆಯಲ್ಲಿ ಎರಡು ಕಬ್ಬಿಣದ ಬೀರು ತುಂಬ ಹಳೇ ಕಾಮಿಕ್ಸ್ ಇವೆ. ಇಪ್ಪತ್ತು ವರ್ಷದಿಂದ ಕೂಡಿಸುತ್ತಿದ್ದೇನೆ. ಆದರೂ ಆ ಪ್ರಶ್ನೆ ಮಾತ್ರ ಬಿಟ್ಟಿಲ್ಲ.

ಉತ್ತರದ ಒಂದು ತುದಿ ಸಿಕ್ಕಿದ್ದು ಬೆಂಗಳೂರಿನಲ್ಲೇ. ಅಮರ ಚಿತ್ರ ಕಥೆ ಅಂದರೆ ಎಲ್ಲರಿಗೂ ನೆನಪಾಗುವುದು ಅನಂತ ಪೈ. ನಮ್ಮ ಕಾರ್ಕಳದವರು. 1929ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು, ಮುಂಬೈಗೆ ಹೋದವರು. 1967ರಲ್ಲಿ ದೆಹಲಿಯ ಟಿವಿಯಲ್ಲಿ ಒಂದು ಕ್ವಿಜ್ ನೋಡಿದರಂತೆ. ಅದರಲ್ಲಿ ಗ್ರೀಕ್ ದೇವರುಗಳ ಬಗ್ಗೆ ಪಟಪಟ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಈ ಕತೆ ಎಲ್ಲರೂ ಕೇಳಿರುವುದೇ. ಅಲ್ಲಿಂದ ಬಂದದ್ದು 'ಕೃಷ್ಣ', ರಾಮ್ ವಾಯಿರ್‌ಕರ್ ಅವರ ಚಿತ್ರಗಳ ಜೊತೆ. ನಂಬರ್ 11.

ಆದರೆ ಅದಕ್ಕೂ ಮೊದಲಿನ ಕತೆ ಇನ್ನೊಬ್ಬ ಅನಂತರದ್ದು. ಅಮರ ಚಿತ್ರ ಕಥೆ ಪ್ರಕಟಿಸುತ್ತಿದ್ದ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟವನ್ನು ಬೆಂಗಳೂರಿನಲ್ಲಿ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್. ಅವರು ಹೇಳಿಕೊಂಡಿರುವ ಪ್ರಕಾರ, ಅಮರ ಚಿತ್ರ ಕಥೆ ಶುರುವಾಗಿದ್ದು 1965ರಲ್ಲಿ, ಅದೂ ಕನ್ನಡದಲ್ಲಿ. ಮೊದಲ ಹತ್ತು ಪುಸ್ತಕಗಳಲ್ಲಿ ಕೃಷ್ಣನೂ ಇಲ್ಲ, ರಾಮನೂ ಇಲ್ಲ. ಸಿಂಡರೆಲಾ, ಸ್ನೋ ವೈಟ್, ಪಿನೋಕಿಯೋ ಥರದ ಪರದೇಶದ ಮಕ್ಕಳ ಕತೆಗಳು. ಅವು ಚೆನ್ನಾಗಿ ಮಾರಾಟವಾದ ಮೇಲೆ ಮುಂಬೈಯಲ್ಲಿ ಇಂಗ್ಲಿಷ್ ಸರಣಿ ಶುರುವಾಯಿತು. ಅದಕ್ಕೇ ಆ ಪಟ್ಟಿ 11ರಿಂದ ಎಣಿಸುತ್ತಿತ್ತು.

ಇದನ್ನು ಮೊದಲು ಓದಿದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಣೆಯಾಗಿದ್ದ ಹತ್ತು ಪುಸ್ತಕ ನನ್ನ ಭಾಷೆಯದ್ದು! ಕನ್ನಡ ಓದುವ ಮಕ್ಕಳ ಕೈಯಲ್ಲಿ ಓಡಾಡಿ, ಹರಿದು, ಎಲ್ಲೋ ಸೇರಿಹೋದದ್ದು. ಅಪ್ಪ ಹೇಳಿದ್ದು ಸರಿಯೇ ಇತ್ತು. ಜನ ತಗೊಂಡಿದ್ದರು.

ಇಷ್ಟು ವರ್ಷದಲ್ಲಿ ಆ ಹತ್ತರಲ್ಲಿ ಒಂದನ್ನೂ ನಾನು ಕಣ್ಣಾರೆ ನೋಡಿಲ್ಲ.

ಹಳೇ ಕಾಮಿಕ್ಸ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಇದಕ್ಕೆಲ್ಲ ಎಷ್ಟು ಬೆಲೆ ಬರತ್ತೆ?" ಬೆಲೆಯ ಮಾತು ಬಂದರೆ ಅಮೆರಿಕದ ಉದಾಹರಣೆಯೇ ಮೊದಲು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆ. 1938ರದ್ದು, ಆಗ 10 ಸೆಂಟ್. ಅದರ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅಚ್ಚಾಗಿದ್ದು ಲಕ್ಷಗಟ್ಟಲೆ. ಉಳಿದಿರುವುದು ಸುಮಾರು ನೂರು ಅಂತ ಅಂದಾಜು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮನೆಮನೆಯಿಂದ ಹಳೇ ಕಾಗದ ಸಂಗ್ರಹಿಸುತ್ತಿದ್ದರು, ಎಷ್ಟೋ ಕಾಮಿಕ್ಸ್ ಹಾಗೇ ಹೋದವು. ಬೆಲೆ ಬಂದದ್ದು ಸೂಪರ್‌ಮ್ಯಾನ್‌ನಿಂದ ಎಷ್ಟೋ, ಕಳೆದುಹೋದ ಆ ಪ್ರತಿಗಳಿಂದಲೂ ಅಷ್ಟೇ.

ಅಲ್ಲಿ ಬೆಲೆ ಕಟ್ಟಲು ಒಂದು ಕ್ರಮ ಇದೆ. 1970ರಿಂದ ವರ್ಷವರ್ಷ ಬೆಲೆಯ ಕೈಪಿಡಿ ಬರುತ್ತದೆ. 2000ದಿಂದ ಒಂದು ಸಂಸ್ಥೆ ಪುಸ್ತಕ ಪರೀಕ್ಷಿಸಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ಕೊಡುತ್ತದೆ. ಆ 60 ಲಕ್ಷ ಡಾಲರಿನ ಪ್ರತಿಗೆ ಸಿಕ್ಕಿದ್ದು 8.5. ಸೀಲ್ ಒಡೆದರೆ ಅಂಕ ಹೋಯಿತು. ಅಂದರೆ ಆ ಪುಸ್ತಕವನ್ನು ಇನ್ನು ಯಾರೂ ಓದುವ ಹಾಗಿಲ್ಲ. ಒಂದೇ ಪ್ರತಿ ಉಳಿದಿದ್ದರೆ ಹಾಗೆ ಕಾಪಾಡುವುದು ಸರಿ ಅನ್ನಿಸುತ್ತದೆ. ಆದರೆ ನನ್ನ ಕೈಯಿಂದ ಅದು ಆಗುವುದಿಲ್ಲ. ಪುಟ ತಿರುಗಿಸುವಾಗ ಬರುವ ಆ ಹಳೇ ಕಾಗದದ ವಾಸನೆ ನನಗೆ ಬೇಕು.

ನಮ್ಮಲ್ಲಿ ಲೆಕ್ಕವೇ ಬೇರೆ. ನಾನು ಕಲಿತದ್ದು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, ಭಾನುವಾರ ಬೆಳಿಗ್ಗೆ ಬೇಗ ಹೋಗಿ, ಟಾರ್ಪಾಲಿನ ಮೇಲೆ ಸುರಿದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು. ಅಲ್ಲಿನ ಒಬ್ಬ ಹಿರಿಯ ವ್ಯಾಪಾರಿ ಹೇಳಿಕೊಟ್ಟ ಪಾಠ ಇವತ್ತಿಗೂ ಮರೆತಿಲ್ಲ. "ಮುಖಪುಟ ನೋಡಿ ಮರುಳಾಗ್ಬೇಡಿ ಸಾರ್. ಮೊದಲು ನಡುಪುಟ ನೋಡಿ." ಪಿನ್ ತುಕ್ಕು ಹಿಡಿದಾಗ ಮೊದಲು ಕಳಚಿಕೊಳ್ಳುವುದು ನಡುವಿನ ಹಾಳೆ. ಅದು ಹೋದರೆ ಕತೆಯ ನಾಲ್ಕು ಪುಟ ಹೋಯಿತು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಈಗಲೂ ಯಾವ ಪುಸ್ತಕ ಕೈಗೆ ಬಂದರೂ ನನ್ನ ಹೆಬ್ಬೆರಳು ತಾನಾಗಿ ನಡುಪುಟಕ್ಕೆ ಹೋಗುತ್ತದೆ.

ಆಮೇಲೆ ಮುದ್ರಣ ಯಾವಾಗಿನದು ಅನ್ನುವುದು. ಅಮರ ಚಿತ್ರ ಕಥೆ ಮತ್ತೆ ಮತ್ತೆ ಅಚ್ಚಾಗಿದೆ. ಅದೇ 'ಕೃಷ್ಣ' ಮುಂದೆ 501 ಅನ್ನುವ ನಂಬರಿನಲ್ಲಿ ಬಂತು. 501 ಹಿಡಿದುಕೊಂಡು "ಮೊದಲ ಮುದ್ರಣ" ಅಂತ ಮಾರುವವರು ಇದ್ದಾರೆ. ಪಾಪ, ಕೆಲವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಶುರುವಿನ ಪುಸ್ತಕಗಳಲ್ಲಿ ಬಣ್ಣ ಕಡಿಮೆ. ಹಳದಿ, ನೀಲಿ, ಹಸಿರು, ಅಷ್ಟರಲ್ಲೇ ಮುಗಿಸುತ್ತಿದ್ದರು. ಆದರೆ ಕಾಲ ಹೇಳುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ಗುರುತು ನಾನು ಬಾಲ್ಯದಲ್ಲಿ ನೋಡಿದ ಅದೇ ಪಟ್ಟಿ. ಪಟ್ಟಿಯ ಕೊನೆಯಲ್ಲಿ ಯಾವ ಹೆಸರಿದೆಯೋ, ನಿಮ್ಮ ಕೈಯಲ್ಲಿರುವ ಪ್ರತಿ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಪಟ್ಟಿ ಇರುವ ಹಾಳೆ ಹರಿದುಹೋಗಿದ್ದರೆ ಪುಸ್ತಕದ ವಯಸ್ಸೇ ಹೋದ ಹಾಗೆ.

ಇಂದ್ರಜಾಲ ಕಾಮಿಕ್ಸ್ ಕೂಡ ಹಾಗೇ. 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗದವರು ಫ್ಯಾಂಟಮ್ ಕತೆಯಿಂದ ಶುರು ಮಾಡಿದ್ದು. 1990ರವರೆಗೆ ಬಂತು. ಮೊದಮೊದಲ ಸಂಚಿಕೆಗಳ ಮುಖಪುಟ ಬಿ. ಗೋವಿಂದ್ ಅವರದ್ದು. ಆ ಮುಖಪುಟಗಳಿಗಾಗಿಯೇ ಹುಡುಕುವವರಿದ್ದಾರೆ. ನನಗೆ ಅವರ ಮೇಲೆ ತುಂಬ ಗೌರವ. ಆ ಫ್ಯಾಂಟಮ್ ಇರುತ್ತಿದ್ದ ಕಾಡು ನಮಗೆಲ್ಲ ಡೆಂಕಾಲಿ. ಮೂಲದ ಹೆಸರು ಬಂಗಾಳಕ್ಕೆ ಹತ್ತಿರ ಇತ್ತು ಅಂತ ಇಲ್ಲಿ ಬದಲಾಯಿಸಿದ್ದರು. ಫ್ಯಾಂಟಮ್, ಮ್ಯಾಂಡ್ರೇಕ್, ಆಬಿದ್ ಸುರ್ತಿ ಅವರ ಬಹಾದ್ದೂರ್. ಇವೆಲ್ಲ ಇಂಗ್ಲಿಷ್, ಹಿಂದಿಯಲ್ಲಿ ಇಂದಿಗೂ ಸಿಗುತ್ತವೆ. ಕನ್ನಡದಲ್ಲೂ ಇಂದ್ರಜಾಲ ಬಂದಿತ್ತು. ಅದು ಸಿಗುವುದು ಬಹಳ ಕಷ್ಟ.

ಯಾಕೆ ಕಷ್ಟ? ಇದಕ್ಕೆ ನನ್ನದೇ ಉತ್ತರ ಇದೆ. ಕನ್ನಡದ ಕಾಮಿಕ್ಸ್ ಯಾರೂ ಎತ್ತಿಡಲಿಲ್ಲ. ಇಂಗ್ಲಿಷಿನದ್ದು ಮನೆಯಲ್ಲಿ ಸ್ವಲ್ಪ ಮರ್ಯಾದೆ ಪಡೆಯುತ್ತಿತ್ತು, ಮಕ್ಕಳ ಇಂಗ್ಲಿಷ್ ಸುಧಾರಿಸುತ್ತದೆ ಅಂತ. ಕನ್ನಡದ್ದು ಸುಮ್ನೆ ಆಟದ ಸಾಮಾನು. ಓದಿ, ಪಕ್ಕದ ಮನೆಗೆ ಕೊಟ್ಟು, ಅಲ್ಲಿಂದ ಅವರ ಚಿಕ್ಕಮ್ಮನ ಮಕ್ಕಳಿಗೆ ಹೋಗಿ, ಕೊನೆಗೆ ಕಡಲೆಕಾಯಿ ಪೊಟ್ಟಣ. ನನಗೆ ಗೊತ್ತು, ಹತ್ತು ಪೈಸೆಗೆ ಒಂದು ದಿನ ಅಂತ ಬಾಡಿಗೆಗೆ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಒಂದೊಂದು ಪುಸ್ತಕವನ್ನು ಎಷ್ಟು ಮಕ್ಕಳು ಓದುತ್ತಿದ್ದರು ಅಂತ. ಮೂಲೆಗಳು ಮಡಚಿ ಮಡಚಿ ದುಂಡಗಾಗಿರುತ್ತಿದ್ದವು. ಅಷ್ಟು ಓದಿಸಿಕೊಂಡ ಪುಸ್ತಕ ಉಳಿಯುವುದಾದರೂ ಹೇಗೆ?

ಕಾಗದವೂ ಅಷ್ಟೇ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಸೆಖೆ ತಗುಲಿದರೆ ಹಳದಿಯಾಗುತ್ತದೆ, ಆಮೇಲೆ ಕಂದು, ಆಮೇಲೆ ಹಪ್ಪಳದ ಹಾಗೆ ಮುರಿಯುತ್ತದೆ. ಜೊತೆಗೆ ನಮ್ಮ ಮಳೆಗಾಲ, ಗೆದ್ದಲು. ಮಲೆನಾಡು, ಕರಾವಳಿಯಿಂದ ಬರುವ ಪುಸ್ತಕದ ಪಿನ್ನಿನ ಸುತ್ತ ಕೆಂಪು ಕಲೆ ಇದ್ದೇ ಇರುತ್ತದೆ. ನಾನು ಅಂಥ ಪಿನ್ ನಿಧಾನಕ್ಕೆ ಬಿಡಿಸಿ, ಅದೇ ತೂತಿನಲ್ಲಿ ಹತ್ತಿಯ ದಾರ ಹಾಕಿ ಹೊಲಿಯುತ್ತೇನೆ. ಪಿನ್ ಬದಲಾಯಿಸಿದರೆ ಬೆಲೆ ಬೀಳುತ್ತದೆ ಅನ್ನುತ್ತಾರೆ ಸಂಗ್ರಹಕಾರರು. ಬಿದ್ದರೆ ಬೀಳಲಿ, ತುಕ್ಕು ಕಾಗದ ತಿನ್ನುವುದನ್ನು ನೋಡಿಕೊಂಡು ಕೂರಲಾರೆ.

ಒಂದು ತಪ್ಪು ಮಾತ್ರ ಇಂದಿಗೂ ನೋಯಿಸುತ್ತದೆ. ಕಾಲೇಜಿನ ದಿನಗಳಲ್ಲಿ, ಅಪ್ಪ ತಂದಿದ್ದ ಆ ಮೊದಲ ಪುಸ್ತಕದ ಬೆನ್ನು ಬಿಟ್ಟುಕೊಂಡಿತ್ತು. ಪ್ರೀತಿಯಿಂದ ಸೆಲೋಟೇಪ್ ಹಾಕಿದೆ, ಒಳಗೂ ಹೊರಗೂ. ಹತ್ತು ವರ್ಷದ ಮೇಲೆ ತೆಗೆದು ನೋಡಿದರೆ ಟೇಪು ಒಣಗಿ ತಾನಾಗಿ ಉದುರಿತ್ತು. ಅಂಟು ಮಾತ್ರ ಕಾಗದದೊಳಗೆ ಇಳಿದಿತ್ತು. ಕಾಫಿ ಚೆಲ್ಲಿದ ಬಣ್ಣದ ಪಟ್ಟಿ, ಎಣ್ಣೆ ಕಾಗದದ ಹಾಗೆ ಹಿಂದಿನ ಪುಟದ ಅಕ್ಷರ ಈ ಪುಟದಲ್ಲಿ ಕಾಣುತ್ತಿತ್ತು. ಅದನ್ನು ತೆಗೆಯಲು ನನ್ನಿಂದ ಆಗಿಲ್ಲ. ಅಪ್ಪ ಈಗ ಇಲ್ಲ. ಹಳೇ ಪುಸ್ತಕ ಇಟ್ಟುಕೊಂಡಿರುವ ಎಲ್ಲರಿಗೂ ನಾನು ಕೈಮುಗಿದು ಹೇಳುವುದು ಇಷ್ಟೇ. ಸೆಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡ, ಡಾಂಬರು ಗುಳಿಗೆಯನ್ನು ಪುಟಗಳ ಮಧ್ಯೆ ಇಡಬೇಡಿ. ಆಸಿಡ್ ಇಲ್ಲದ ರಟ್ಟು, ಒಳ್ಳೆಯ ಪಾಲಿಯೆಸ್ಟರ್ ಕವರ್, ಗಾಳಿಯಾಡುವ ಬೀರು, ನೆಲದಿಂದ ಸ್ವಲ್ಪ ಮೇಲೆ. ವರ್ಷಕ್ಕೆರಡು ಸಲ ತೆಗೆದು ನೋಡಿ. ಸಾಕು.

ಹೋದ ವರ್ಷ ಮೈಸೂರಿನಿಂದ ಒಂದು ಫೋನ್ ಬಂತು. ವಯಸ್ಸಾದ ಹೆಂಗಸಿನ ಧ್ವನಿ. ಗೊತ್ತಿದ್ದವರೊಬ್ಬರು ನನ್ನ ನಂಬರ್ ಕೊಟ್ಟಿದ್ದರು. "ನಮ್ಮ ಯಜಮಾನ್ರು ಮೇಷ್ಟ್ರಾಗಿದ್ರು. ಅವರ ಕಾಮಿಕ್ಸು ಒಂದು ಟ್ರಂಕು ತುಂಬ ಇದೆ. ಮನೆ ಖಾಲಿ ಮಾಡ್ಬೇಕು. ಗುಜರಿಯವನು ಕೆ.ಜಿ.ಗೆ ಹನ್ನೆರಡು ಅಂದ. ನೀವೊಂದ್ಸಲ ನೋಡಿ ಹೇಳಿ" ಅಂದರು. ಮರುದಿನ ಬೆಳಗಿನ ರೈಲಿಗೇ ಹೋದೆ.

ಕಬ್ಬಿಣದ ಟ್ರಂಕು, ಮುಚ್ಚಳದ ಒಳಗೆ ಕ್ಯಾಲೆಂಡರಿನ ಲಕ್ಷ್ಮಿ. ಒಣಗಿದ ಬೇವಿನ ಎಲೆ ಮುಟ್ಟಿದರೆ ಪುಡಿಪುಡಿ. ಮೇಲೆ ಬಿಡಿ ಚಂದಮಾಮಗಳು, ಸ್ವಲ್ಪ ಬಾಲಮಂಗಳ, ನಾಲ್ಕು ಕನ್ನಡ ಇಂದ್ರಜಾಲ. ನಾಲ್ಕು! ಕೈ ನಡುಗಿತು. ಅದರ ಕೆಳಗೆ ಒಂಬತ್ತು ದಪ್ಪ ಬೈಂಡ್ ಪುಸ್ತಕಗಳು. ಕೆಂಪು ಬಟ್ಟೆಯ ಬೆನ್ನು, ರಟ್ಟಿನ ಮೇಲೆ ಅಲೆಅಲೆ ಬಣ್ಣದ ಕಾಗದ. ಎಲ್ಲಾ ಕನ್ನಡದ ಅಮರ ಚಿತ್ರ ಕಥೆ.

ನಮ್ಮ ಕಡೆ ಪುಸ್ತಕ ಪ್ರೀತಿಸುವವರು ಮಾಡುತ್ತಿದ್ದ ಕೆಲಸ ಇದೇ ಅಲ್ವಾ. ವಾರಪತ್ರಿಕೆಯ ಧಾರಾವಾಹಿ ಕತ್ತರಿಸಿ ಬೈಂಡ್ ಮಾಡಿಸುವುದು, ಸುಧಾದ ಫ್ಯಾಂಟಮ್ ಪುಟ ಕೂಡಿಸಿ ಬೈಂಡ್ ಮಾಡಿಸುವುದು. ಆದರೆ ಮಾರುಕಟ್ಟೆಯ ಲೆಕ್ಕದಲ್ಲಿ ಬೈಂಡ್ ಆದ ಕಾಮಿಕ್ಸ್‌ಗೆ ಬೆಲೆ ಇಲ್ಲ ಅಂದರೂ ಸರಿಯೇ. ಹೊಲಿಗೆಗೆ ಬೆನ್ನು ತೂತು, ಅಂಚು ಮೂರೂ ಕಡೆ ಕತ್ತರಿಸಿರುತ್ತಾರೆ. ಒಂದು ಪುಟದಲ್ಲಿ ಮಾತಿನ ಗುಳ್ಳೆ ಅಂಚಿಗೆ ತೀರ ಹತ್ತಿರ ಇತ್ತು. ಬೈಂಡಿಂಗ್‌ನವರ ಬ್ಲೇಡು ಸರಿಯಾಗಿ ಅದರ ಮೇಲೆ ಹೋಗಿತ್ತು. "ಮಗು" ಅನ್ನುವುದರಲ್ಲಿ "ಮ" ಮಾತ್ರ ಉಳಿದಿತ್ತು. ಅದರ ಪಕ್ಕದಲ್ಲಿ, ಇದ್ದ ಅರ್ಧ ಇಂಚು ಜಾಗದಲ್ಲಿ, ಯಾರೋ ನೀಲಿ ಇಂಕಿನಲ್ಲಿ ಸಣ್ಣಗೆ "ಗು" ಬರೆದಿದ್ದರು. ಅಚ್ಚಿನ ಅಕ್ಷರದಷ್ಟೇ ಗಾತ್ರ. ಪುಟ ತಿರುಗಿಸುತ್ತಾ ಹೋದೆ. ಎಲ್ಲೆಲ್ಲಿ ಅಕ್ಷರ ತುಂಡಾಗಿತ್ತೋ ಅಲ್ಲೆಲ್ಲ ಹಾಗೇ ತುಂಬಿಸಿದ್ದರು.

ಬೈಂಡ್ ಆಗಿದ್ದಕ್ಕೇ ಈ ಪುಸ್ತಕಗಳು ಉಳಿದಿದ್ದವು ಅನ್ನುವುದೂ ನಿಜ. ಒಳಗಿನ ಬಣ್ಣ ನಿನ್ನೆ ಅಚ್ಚಾದ ಹಾಗಿತ್ತು. ಮುಖಪುಟಗಳನ್ನೂ ಹಿಂಬದಿಯ ಪಟ್ಟಿಗಳನ್ನೂ ಕಿತ್ತು ಎಸೆಯದೆ ಜೊತೆಗೇ ಹೊಲಿಸಿದ್ದರು. ಎಷ್ಟೋ ಜನ ಅಷ್ಟು ಮಾಡುವುದಿಲ್ಲ.

"ಎಷ್ಟಾಗತ್ತೆ ಹೇಳಪ್ಪ" ಅಂದರು ಅಮ್ಮ, ಕಾಫಿ ಲೋಟ ಇಡುತ್ತಾ.

ಇದ್ದದ್ದು ಇದ್ದ ಹಾಗೆ ಹೇಳಿದೆ. ಬಿಡಿ ಸಂಚಿಕೆಗಳಿಗೆ ಒಳ್ಳೆಯ ಬೆಲೆ ಬರುತ್ತದೆ, ನಾಲ್ಕು ಇಂದ್ರಜಾಲಕ್ಕೆ ಜಾಸ್ತಿ ಬರುತ್ತದೆ, ಬೈಂಡ್ ಆದದ್ದಕ್ಕೆ ಮಾರುಕಟ್ಟೆಯವರು ಹೆಚ್ಚು ಕೊಡುವುದಿಲ್ಲ. ಅವರ ಮುಖ ಸ್ವಲ್ಪ ಸಣ್ಣದಾಯಿತು. "ಸಂಬಳದಲ್ಲಿ ಉಳಿಸಿ ಬೈಂಡ್ ಮಾಡಿಸಿದ್ರು. ಅದಕ್ಕೇ ಬೆಲೆ ಇಲ್ವಾ?" ಅಂತ ಕೇಳಿದರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮೊದಲ ಬೈಂಡಿನ ಒಳಪುಟ ತೆಗೆದೆ. ಅಲ್ಲಿ ಇತ್ತು, ಗೆರೆ ಹಾಕಿದ ನೋಟ್‌ಬುಕ್ ಹಾಳೆ ಅಂಟಿಸಿ, ಮೇಷ್ಟ್ರ ದುಂಡು ಅಕ್ಷರದಲ್ಲಿ, ಒಂದು ಪಟ್ಟಿ. ನಂಬರ್, ಹೆಸರು, ಕೊಂಡ ತಾರೀಖು, ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು. ನಂಬರಿಗೆ ಇಂಗ್ಲಿಷ್ ಪಟ್ಟಿಯನ್ನೇ ಆಧಾರ ಇಟ್ಟುಕೊಂಡಿದ್ದರು. ಎದುರಿಗೆ ಕನ್ನಡದ ಹೆಸರು. ಎಲ್ಲಿ ಅನುವಾದ ಬದಲಾಗಿದೆ, ಯಾವುದರ ಮರುಮುದ್ರಣದಲ್ಲಿ ಮುಖಪುಟ ಬೇರೆ, ಎಲ್ಲಾ ಸಣ್ಣ ಟಿಪ್ಪಣಿ. ಒಂಬತ್ತೂ ಪುಸ್ತಕದಲ್ಲಿ ಹೀಗೇ.

ಕನ್ನಡ ಕಾಮಿಕ್ಸ್‌ಗೆ ಬೆಲೆ ಕಟ್ಟುವವರು ಯಾರೂ ಇಲ್ಲ ಅಂತ ನಾನು ಇಷ್ಟು ವರ್ಷ ಗೊಣಗಿದ್ದೆ. ಬೆಲೆ ಕಟ್ಟುವುದು ಆಮೇಲಿನ ಮಾತು. ಏನೇನು ಬಂದಿತ್ತು ಅನ್ನುವ ಪಟ್ಟಿಯೇ ನಮ್ಮ ಹತ್ತಿರ ಇಲ್ಲವಲ್ಲ. ಯಾವುದು ಕಳೆದಿದೆ ಅಂತ ಗೊತ್ತಾಗದೆ ಯಾವುದು ಅಪರೂಪ ಅಂತ ಹೇಳುವುದು ಹೇಗೆ? ಆ ಕೆಲಸವನ್ನು ಈ ಮನುಷ್ಯ, ಯಾರೂ ಕೇಳದೆ, ಮೈಸೂರಿನ ಒಂದು ಪುಟ್ಟ ಮನೆಯಲ್ಲಿ ಕೂತು ಮಾಡಿಟ್ಟಿದ್ದರು.

"ಅಮ್ಮಾ, ಇದನ್ನ ಯಾರಿಗೂ ಕೊಡಬೇಡಿ. ಗುಜರಿಗಂತೂ ಬೇಡವೇ ಬೇಡ. ನನಗೂ ಬೇಡ. ನಿಮ್ಮ ಜೊತೆಗೇ ಇಟ್ಟುಕೊಳ್ಳಿ" ಅಂದೆ. ಪಟ್ಟಿಯ ಹಾಳೆಗಳನ್ನು ಮಾತ್ರ ಜೆರಾಕ್ಸ್ ಮಾಡಿಸಿಕೊಳ್ಳಲು ಕೇಳಿದೆ. ಬೈಂಡು ಹಿಡಿದು ಅವರೇ ನನ್ನ ಜೊತೆ ಬೀದಿ ಕೊನೆಯ ಅಂಗಡಿಯವರೆಗೂ ನಡೆದು ಬಂದರು. ಅಂಗಡಿಯ ಹುಡುಗ ಬೆನ್ನು ಮುರಿಯುವ ಹಾಗೆ ಒತ್ತಲು ಹೋದಾಗ "ಮೆತ್ತಗೆ ಮರಿ, ಮೆತ್ತಗೆ" ಅಂತ ಗದರಿದರು. ಬಿಡಿ ಸಂಚಿಕೆಗಳನ್ನು ನಾನೇ ಕೊಂಡೆ. ಬೇರೆಯವರು ಕೊಡುವುದಕ್ಕಿಂತ ಕಡಿಮೆ ಆಗದ ಹಾಗೆ ನೋಡಿಕೊಂಡೆ.

ರೈಲಿನಲ್ಲಿ ಕೂತು ಜೆರಾಕ್ಸ್ ಹಾಳೆ ಓದಿದೆ. ಮೊದಲ ಹಾಳೆಯಲ್ಲಿ ಮೇಷ್ಟ್ರು 11ರಿಂದ ಶುರು ಮಾಡಿರಲಿಲ್ಲ. 1 ಅಂತ ಬರೆದು ಖಾಲಿ ಬಿಟ್ಟಿದ್ದರು. 2, 3, 4. ಹತ್ತರವರೆಗೂ ಗೆರೆ ಎಳೆದು ಜಾಗ ಇಟ್ಟಿದ್ದರು. ಎರಡನೇ ಸಾಲಿನಲ್ಲಿ ಮಾತ್ರ ಪೆನ್ಸಿಲಿನಲ್ಲಿ ಏನೋ ಇತ್ತು. ಜೆರಾಕ್ಸಿನಲ್ಲಿ ಮಸುಕಾಗಿ ಬಂದಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಓದಿದೆ.

"ಸಿಂಡರೆಲ್ಲಾ? ಹಾಸನದಲ್ಲಿ ಒಬ್ಬರ ಮನೆಯಲ್ಲಿ ನೋಡಿದೆ. ಮುಖಪುಟ ಇಲ್ಲ. ಕೇಳಿದೆ, ಕೊಡಲಿಲ್ಲ."

ಹೆಸರು ಬರೆದಿಲ್ಲ, ವರ್ಷ ಬರೆದಿಲ್ಲ. ಆ ಅಮ್ಮನಿಗೂ ನೆನಪಿಲ್ಲ. ಅವರ ಯಜಮಾನರಿಗೆ ಹಾಸನದಲ್ಲಿ ಟ್ರೈನಿಂಗ್ ಇತ್ತು, ಬೇಸಿಗೆ ರಜದಲ್ಲಿ ಎರಡು ವಾರ, ಅಷ್ಟೇ ಹೇಳಿದರು. ನಾನು ಎರಡು ಸಲ ಹಾಸನಕ್ಕೆ ಹೋಗಿ ಹಳೇ ಪೇಪರ್ ಅಂಗಡಿಗಳಲ್ಲಿ, ಹಳೇ ಲೈಬ್ರರಿ ನಡೆಸುತ್ತಿದ್ದವರಲ್ಲಿ ಕೇಳಿ ಬಂದಿದ್ದೇನೆ. ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ.

ಹಾಸನದ ಕಡೆಯವರು ಇದನ್ನು ಓದುತ್ತಿದ್ದರೆ, ಮನೆಯ ಅಟ್ಟ ಒಮ್ಮೆ ನೋಡಿ. ಅಜ್ಜನ ಟ್ರಂಕು, ಅತ್ತೆಯ ಹಳೇ ಪೆಟ್ಟಿಗೆ, ಗೋಡೆ ಬೀರುವಿನ ಕೆಳಗಿನ ಖಾನೆ. ಮುಖಪುಟ ಇಲ್ಲದ, ಕನ್ನಡದ, ಚಿತ್ರಗಳ ಸಿಂಡರೆಲಾ. ಸಿಕ್ಕರೆ ಅದನ್ನು ನನಗೆ ಕೊಡಬೇಕಾಗಿಲ್ಲ, ನೀವೇ ಇಟ್ಟುಕೊಳ್ಳಿ. ನಿಮ್ಮ ಮನೆಗೆ ಬಂದು, ಕೈ ತೊಳೆದುಕೊಂಡು, ಒಂದು ಸಲ ಪುಟ ತಿರುಗಿಸಿ ಹೋಗುತ್ತೇನೆ. ಆಮೇಲೆ ಮೈಸೂರಿಗೆ ಹೋಗಿ ಆ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ ಅಳಿಸಬೇಕು.